ಮನೆಯಲ್ಲೇ ರೆಕಾರ್ಡಿಂಗ್: ಮೊದಲು ಮೈಕ್, ಆಮೇಲೆ ಪ್ರಿಆಂಪ್

ಗಿಟಾರ್, ಕೊಳಲು, ಪಿಟೀಲು ಇಂಥ ವಾದ್ಯಗಳನ್ನು ಮನೆಯಲ್ಲೇ ರೆಕಾರ್ಡ್ ಮಾಡಲು ಹೊರಟವರು ಎಷ್ಟೋ ಸಲ ಮೊದಲು ಹುಡುಕುವುದೇ ದುಬಾರಿ ಪ್ರಿಆಂಪ್, ಅಂದರೆ ಮೈಕ್‌ನ ಕ್ಷೀಣ ಸಿಗ್ನಲನ್ನು ದೊಡ್ಡದು ಮಾಡುವ ಸಾಧನ. ಅಲ್ಲಿಂದ ಶುರು ಮಾಡಬೇಡಿ. ಧ್ವನಿ ಕೆಡುವುದು ಅಥವಾ ಚೆನ್ನಾಗಿ ಬರುವುದು ಜಾಸ್ತಿ ಕೋಣೆ, ಮೈಕ್ ಮತ್ತು ಅದನ್ನು ಇಟ್ಟ ಜಾಗದಿಂದಲೇ.

ಮೊದಲು ಕೋಣೆಯಲ್ಲಿ ಜೋರಾಗಿ ಚಪ್ಪಾಳೆ ತಟ್ಟಿ. ಸದ್ದು ಗೋಡೆಗೆ ಬಡಿದು ಝಣಝಣ ಅಂದರೆ ಬಟ್ಟೆ, ಹಾಸಿಗೆ, ಪುಸ್ತಕ ತುಂಬಿರುವ ಕೋಣೆ ಆರಿಸಿಕೊಳ್ಳಿ. ಫ್ಯಾನ್ ಆಫ್ ಮಾಡಿ.

ಇನ್ನು ಮೈಕ್. ತಂತಿಯ ಸೂಕ್ಷ್ಮ ನಾದ ಹಿಡಿಯಲು ಸಣ್ಣ ಡಯಾಫ್ರಾಮ್ (ಸದ್ದಿಗೆ ಅದುರುವ ತೆಳು ಪೊರೆ) ಇರುವ, ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ ಕಾರ್ಡಿಯಾಯ್ಡ್ ಕಂಡೆನ್ಸರ್ (ವಿದ್ಯುತ್ ಬೇಕಾಗುವ ಸೂಕ್ಷ್ಮ ಮೈಕ್) ನನ್ನ ಮೊದಲ ಆಯ್ಕೆ. ಪಿಟೀಲಿನ ಧ್ವನಿ ಚೂಪಾಗಿ ಕಿವಿಗೆ ಚುಚ್ಚುತ್ತಿದ್ದರೆ ತೆಳು ಲೋಹದ ಪಟ್ಟಿಯಿಂದ ಸದ್ದು ಹಿಡಿಯುವ ರಿಬ್ಬನ್ ಮೈಕ್ ಅದನ್ನು ಮೆದುವಾಗಿಸುತ್ತದೆ. ಕೊಳ್ಳುವ ಮುಂಚೆ ಮೈಕ್‌ನ ಸ್ವಂತ ಗದ್ದಲ ಎಷ್ಟು ಅಂತ ವಿವರಪಟ್ಟಿಯಲ್ಲಿ ನೋಡಿ. ಬೆರಳಿನಿಂದ ಮೆಲ್ಲಗೆ ಮೀಟುವವರಿಗೆ ಅದು 15 ಡೆಸಿಬೆಲ್‌ಗಿಂತ ಕಡಿಮೆ ಇದ್ದರೆ ಒಳ್ಳೆಯದು. ವೇದಿಕೆಗಳಲ್ಲಿ ಸಾಮಾನ್ಯವಾಗಿ ಕಾಣುವ ಡೈನಮಿಕ್ ಮೈಕ್ ಕೋಣೆಯ ಸದ್ದನ್ನು ಹಿಡಿಯುವುದೇ ಇಲ್ಲ ಅನ್ನುವ ಮಾತನ್ನು ಪೂರ್ತಿ ನಂಬಬೇಡಿ. ಅದನ್ನು ವಾದ್ಯದ ತೀರಾ ಹತ್ತಿರ ಇಡುತ್ತೇವೆ, ಅದಕ್ಕೇ ಕೋಣೆ ಕಡಿಮೆ ಕೇಳುತ್ತದೆ.

ನಿಜವಾದ ಕೆಲಸ ಇರುವುದು ಮೈಕ್ ಇಡುವುದರಲ್ಲಿ. ಗಿಟಾರ್‌ನ ನಡುವಿನ ರಂಧ್ರದ ಎದುರೇ ಇಟ್ಟರೆ ಧ್ವನಿ ಗುಂಯ್‌ಗುಟ್ಟುತ್ತದೆ. ಕುತ್ತಿಗೆ ಮತ್ತು ಒಡಲು ಸೇರುವ ಜಾಗದ ಹತ್ತಿರ, 12ನೇ ಫ್ರೆಟ್ ಆಸುಪಾಸಿಗೆ ಮೈಕ್ ತಿರುಗಿಸಿ, 20ರಿಂದ 30 ಸೆಂಟಿಮೀಟರ್ ದೂರ ಇಡಿ. ಇನ್ನೊಬ್ಬರು ನುಡಿಸುತ್ತಿರಲಿ, ನೀವು ಹೆಡ್‌ಫೋನ್ ಹಾಕಿಕೊಂಡು ಮೈಕನ್ನು ಎರಡೆರಡು ಬೆರಳಷ್ಟು ಸರಿಸುತ್ತಾ ಹೋಗಿ. ರಂಧ್ರದ ಕಡೆ ಸರಿಸಿದರೆ ತಗ್ಗು ಸ್ವರ ಉಬ್ಬುತ್ತದೆ, ಕುತ್ತಿಗೆಯ ಕಡೆ ಹೋದರೆ ಬೆರಳು ತಂತಿಗೆ ಉಜ್ಜುವ ಸದ್ದು ಮುಂದೆ ಬರುತ್ತದೆ. ನಡುವೆ ಎಲ್ಲೋ ಒಂದು ಕಡೆ ಎರಡೂ ಹದಕ್ಕೆ ಬರುತ್ತವೆ. ಅಲ್ಲೇ ನಿಲ್ಲಿಸಿ. ಕೊಳಲಿಗೆ ಉಸಿರು ನೇರ ತಾಗದ ಹಾಗೆ ಸ್ವಲ್ಪ ಮೇಲೆ ಅಥವಾ ಪಕ್ಕಕ್ಕೆ ಇಟ್ಟರೆ ಸಾಕು.

ಈಗ ಪ್ರಿಆಂಪ್. ಮೈಕನ್ನು ಕಂಪ್ಯೂಟರ್‌ಗೆ ಜೋಡಿಸುವ ಆಡಿಯೊ ಇಂಟರ್‌ಫೇಸ್ ಇದ್ದರೆ ಅದರೊಳಗೇ ಪ್ರಿಆಂಪ್ ಇರುತ್ತದೆ. ಈಚಿನ ಒಳ್ಳೆಯ ಇಂಟರ್‌ಫೇಸ್‌ಗಳ ಗದ್ದಲ ಸುಮಾರು ಮೈನಸ್ 128 ಡಿಬಿಯು (ಸಿಗ್ನಲ್ ಮಟ್ಟದ ಅಳತೆ; ಮೈನಸ್ ಸಂಖ್ಯೆ ದೊಡ್ಡದಾದಷ್ಟೂ ಗದ್ದಲ ಕಡಿಮೆ). 150 ಓಮ್ ಮೂಲಕ್ಕೆ, ಅಂದರೆ ಸಾಮಾನ್ಯ ಮೈಕ್‌ನಷ್ಟು ವಿದ್ಯುತ್ ತಡೆ ಇರುವ ಮೂಲಕ್ಕೆ, ಭೌತಶಾಸ್ತ್ರ ಹಾಕಿರುವ ಮಿತಿಯೇ ಸುಮಾರು ಮೈನಸ್ 131. ಅಂದರೆ ಎಷ್ಟೇ ದುಡ್ಡು ಸುರಿದರೂ ಗದ್ದಲ ತಗ್ಗುವುದು ಮೂರೇ ಡೆಸಿಬೆಲ್, ಅಲ್ವಾ? ಕಂಡೆನ್ಸರ್‌ಗೆ ಇಂಟರ್‌ಫೇಸ್ ಧಾರಾಳವಾಗಿ ಸಾಕು. ಡೈನಮಿಕ್ ಅಥವಾ ರಿಬ್ಬನ್‌ನಲ್ಲಿ ಮೆಲುದನಿಯ ವಾದ್ಯ ಹಿಡಿಯುವಾಗ ಮಾತ್ರ 60 ಡೆಸಿಬೆಲ್‌ನಷ್ಟು ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಬೇಕಾಗಬಹುದು. ನಿಮ್ಮ ಇಂಟರ್‌ಫೇಸ್ ಅಷ್ಟು ಕೊಡದಿದ್ದರೆ ಆಗ ಬೇರೆ ಪ್ರಿಆಂಪ್ ಯೋಚಿಸಿ.

ಕಂಡೆನ್ಸರ್‌ಗೆ ಇಂಟರ್‌ಫೇಸ್ ಮೈಕ್ ಕೇಬಲ್ ಮೂಲಕವೇ ಕೊಡುವ 48 ವೋಲ್ಟ್ ಫ್ಯಾಂಟಮ್ ಪವರ್ ಬೇಕು. ಕೇಬಲ್ ಸಿಕ್ಕಿಸಿ, ಸ್ಪೀಕರ್ ಸದ್ದು ತಗ್ಗಿಸಿ, ಆಮೇಲೆ ಸ್ವಿಚ್ ಒತ್ತಿ. ರಿಬ್ಬನ್ ಮೈಕ್ ಇದ್ದರೆ ಅದರ ಕೈಪಿಡಿ ಹೇಳದ ಹೊರತು ಆ ಸ್ವಿಚ್ ಮುಟ್ಟಬೇಡಿ. ರೆಕಾರ್ಡಿಂಗ್ 24 ಬಿಟ್‌ನಲ್ಲಿರಲಿ. ಹಾಡಿನ ಅತಿ ಜೋರಿನ ಭಾಗ ನುಡಿಸಿ, ಮೀಟರ್ ಮೈನಸ್ 12 ಡೆಸಿಬೆಲ್ ಹತ್ತಿರ ಮುಟ್ಟುವಂತೆ ಗೇನ್ ಇಟ್ಟು ರೆಕಾರ್ಡ್ ಒತ್ತಿ.