ಭಾವಿ ಶಿಕ್ಷಕರಿಗೆ ಮೊದಲ ದಿನದ ಪರಿಚಯ ಮಾಡಿಸುವುದು ಹೇಗೆ?

ಬಿ.ಇಡಿ. ತರಗತಿಯ ಮೊದಲ ದಿನ ಹೆಚ್ಚಿನ ಕಡೆ ನಡೆಯುವುದು ಒಂದೇ ಕ್ರಮ. ಪ್ರಶಿಕ್ಷಣಾರ್ಥಿಗಳು ಒಬ್ಬೊಬ್ಬರಾಗಿ ಎದ್ದು ಹೆಸರು, ಊರು, ಪದವಿಯಲ್ಲಿ ಓದಿದ ವಿಷಯಗಳನ್ನು ಹೇಳಿ ಕುಳಿತುಕೊಳ್ಳುತ್ತಾರೆ. ಐವತ್ತು ಮಂದಿಯ ಘಟಕದಲ್ಲಿ ತಲೆಗೆ ಒಂದು ನಿಮಿಷವೆಂದರೂ ಒಂದು ಪೀರಿಯಡ್ ಇದಕ್ಕೇ ಸರಿಹೋಗುತ್ತದೆ. ಸರದಿ ಬರುವವರೆಗೆ ತಮ್ಮ ಮಾತನ್ನು ಮನಸ್ಸಿನಲ್ಲೇ ಒಪ್ಪಿಸಿಕೊಳ್ಳುತ್ತಿದ್ದು, ಸರದಿ ಮುಗಿದೊಡನೆ ಉಸ್ಸೆಂದು ಕುಳಿತವರು ಪಕ್ಕದವರ ಹೆಸರನ್ನೂ ಕೇಳಿಸಿಕೊಂಡಿರುವುದಿಲ್ಲ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯಂತೆ ಬಿ.ಇಡಿ. ಎರಡು ವರ್ಷದ್ದಾದ ಮೇಲೆ ಇದೇ ಸಹಪಾಠಿಗಳು ಸೂಕ್ಷ್ಮ ಬೋಧನೆಯಲ್ಲಿ, ಅಂದರೆ ಒಂದೊಂದೇ ಬೋಧನಾ ಕೌಶಲವನ್ನು ಕಿರುಪಾಠ ಮಾಡಿ ರೂಢಿಸಿಕೊಳ್ಳುವ ಅಭ್ಯಾಸದಲ್ಲಿ, ಒಬ್ಬರಿಗೊಬ್ಬರು ವಿದ್ಯಾರ್ಥಿಗಳಾಗಿ, ವೀಕ್ಷಕರಾಗಿ ಕೂರಬೇಕು. ಎರಡನೆಯ ವರ್ಷ 16 ವಾರಗಳ ಇಂಟರ್ನ್‌ಶಿಪ್‌ಗೆ ತಂಡ ಕಟ್ಟಿಕೊಂಡು ಶಾಲೆಗಳಿಗೆ ಹೋಗಬೇಕು. ಆದ್ದರಿಂದ ಪರಿಚಯವನ್ನು ಕಾಟಾಚಾರಕ್ಕೆ ಮುಗಿಸದೆ ಒಂದು ಪಾಠದಂತೆಯೇ ಯೋಜಿಸಬೇಕು ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಸುಮಾರು ಎರಡು ಗಂಟೆ ಬೇಕು.

ಸಿದ್ಧತೆ ದೊಡ್ಡದೇನಲ್ಲ. ಬೆಂಚುಗಳನ್ನು ಗೋಡೆಗೆ ಸರಿಸಿ ನಡುವೆ ಜಾಗ ಮಾಡಿಕೊಳ್ಳಿ. ಸೀಮೆಸುಣ್ಣ ಮತ್ತು ತಲೆಗೊಂದರಂತೆ ಮುದ್ರಿತ ಹಾಳೆ ಸಾಕು. ಮಳೆಗಾಲದಲ್ಲಿ ತರಗತಿ ಶುರುವಾಗುವುದಾದರೆ ಒಂದು ಮಾತು: ತೀರ್ಥಹಳ್ಳಿ, ಹೊಸನಗರದ ಕಡೆ ಶೀಟಿನ ಮಾಡಿನ ಮೇಲೆ ಜಡಿಮಳೆ ಹೊಯ್ಯತೊಡಗಿದರೆ ಕೊಠಡಿಯ ಆ ತುದಿಯವರ ಮಾತು ಈ ತುದಿಗೆ ಕೇಳಿಸುವುದಿಲ್ಲ. ಇಬ್ಬರು, ನಾಲ್ವರು ಹತ್ತಿರ ನಿಂತು ಮಾತಾಡುವ ಚಟುವಟಿಕೆಗಳಿಗೆ ಆ ತೊಂದರೆಯಿಲ್ಲ.

ನೆಲದ ಮೇಲೆ ನಕ್ಷೆ

ಮೊದಲು ನೆಲದ ಮೇಲೆ ನಮ್ಮ ಶಿವಮೊಗ್ಗ ಜಿಲ್ಲೆಯ ನಕ್ಷೆಯನ್ನು ದೊಡ್ಡದಾಗಿ ಬರೆಯಿರಿ. ಗೆರೆ ಅಂಕುಡೊಂಕಾದರೂ ಅಡ್ಡಿಯಿಲ್ಲ, ಏಳು ತಾಲ್ಲೂಕುಗಳ ಜಾಗ ತಿಳಿದರೆ ಸಾಕು. ಕೂಡ್ಲಿಯಲ್ಲಿ ತುಂಗೆ ಮತ್ತು ಭದ್ರೆ ಕೂಡುವುದನ್ನು, ಅಂಬುತೀರ್ಥದಿಂದ ಹೊರಟ ಶರಾವತಿ ಜೋಗದ ಕಡೆ ಹರಿಯುವುದನ್ನು ಗುರುತಿಸಿ, ಎಲ್ಲರೂ ತಮ್ಮ ಊರು ಬರುವಲ್ಲಿ ಹೋಗಿ ನಿಲ್ಲಬೇಕೆಂದು ಹೇಳಿ. ಹೊನ್ನಾಳಿ, ಚನ್ನಗಿರಿಯವರು ಪೂರ್ವದ ಗೆರೆಯಾಚೆ, ಕೊಪ್ಪದವರು ದಕ್ಷಿಣಕ್ಕೆ, ಸಿದ್ದಾಪುರದವರು ಸಾಗರದಾಚೆ ನಿಲ್ಲುತ್ತಾರೆ. ತಮ್ಮೂರು ಎಲ್ಲಿ ಬರುತ್ತದೆಂದು ತಿಳಿಯಲು ಪಕ್ಕದವರನ್ನು ಕೇಳಲೇಬೇಕಾಗುವುದರಿಂದ ಮಾತು ತಾನಾಗಿಯೇ ಶುರುವಾಗುತ್ತದೆ. ಒಮ್ಮೆ ಸಾಗರ ತಾಲ್ಲೂಕಿನ ಒಬ್ಬ ಪ್ರಶಿಕ್ಷಣಾರ್ಥಿ ಶರಾವತಿಯ ಗೆರೆಯ ಮೇಲೆಯೇ ನಿಂತಿದ್ದರು. ಜಾಗ ತಪ್ಪಿತೇ ಎಂದು ಕೇಳಿದ್ದಕ್ಕೆ, “ಇಲ್ಲ ಸರ್, ಅಜ್ಜನ ಊರು ಇಲ್ಲೇ ಇತ್ತು, ಈಗ ಲಿಂಗನಮಕ್ಕಿ ಹಿನ್ನೀರಿನ ಅಡಿಗಿದೆ” ಎಂದರು. ಸುತ್ತ ನಿಂತಿದ್ದವರಲ್ಲಿ ಅವರ ಹೆಸರನ್ನು ಆಮೇಲೆ ಯಾರೂ ಮರೆಯಲಿಲ್ಲ.

ಇಲ್ಲೇ ಒಂದು ಎಚ್ಚರಿಕೆಯೂ ಬೇಕು. ನಮ್ಮ ಕಡೆ ಊರಿನ ಹೆಸರು ಹೇಳಿದೊಡನೆ “ಯಾರ ಮನೆಯವರು?” ಎಂದು ಕೇಳುವುದು ರೂಢಿ; ಎರಡು ಪ್ರಶ್ನೆಯಲ್ಲಿ ಜಾತಿ, ಮೂರನೆಯದರಲ್ಲಿ ತೋಟ ಎಷ್ಟು ಎಕರೆ ಎಂಬುದೂ ಹೊರಬೀಳುತ್ತದೆ. ಮನೆತನ, ತಂದೆಯ ಉದ್ಯೋಗ, ಪದವಿಯ ಅಂಕ, ಮದುವೆ ಈ ನಾಲ್ಕನ್ನೂ ಯಾರೂ ಕೇಳಬಾರದೆಂದು ನಕ್ಷೆಯ ಮೇಲೆ ಕಾಲಿಡುವ ಮೊದಲೇ ಸ್ಪಷ್ಟವಾಗಿ ತಿಳಿಸಬೇಕು, ಕಾರಣವನ್ನೂ ಹೇಳಬೇಕು. ನಾಳೆ ಮಕ್ಕಳ ಮುಂದೆ ನಿಂತಾಗ ಇವರೂ ಪಾಲಿಸಬೇಕಾದ ಮಾತು ಅದು.

ಜೋಡಿ ಸಂದರ್ಶನ

ನಕ್ಷೆಯಲ್ಲಿ ದೂರ ದೂರ ನಿಂತವರನ್ನೇ ಜೋಡಿ ಮಾಡಿ, ತಲಾ ನಾಲ್ಕು ನಿಮಿಷ ಕೊಟ್ಟು, ಮೂರು ಪ್ರಶ್ನೆ ಕೇಳಿಸಿ: ನಿಮ್ಮನ್ನು ಏನೆಂದು ಕರೆಯಬೇಕು? ಬೇರೆಯವರಿಗೆ ಕಲಿಸಬಲ್ಲ ಯಾವ ಕೆಲಸ ನಿಮಗೆ ಗೊತ್ತು? ಶಾಲೆಯಲ್ಲಿ ನಿಮಗೆ ಕೊನೆಗೂ ಅರ್ಥವಾಗದೇ ಹೋದ ಪಾಠ ಯಾವುದು? ಎರಡನೆಯ ಪ್ರಶ್ನೆಗೆ ಅಡಿಕೆ ಸುಲಿಯುವುದು, ಹಸೆ ಚಿತ್ತಾರ ಬರೆಯುವುದು, ಡೊಳ್ಳು ಬಾರಿಸುವುದು, ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವುದು ಎಂಬಂಥ ಉತ್ತರಗಳು ಬರುತ್ತವೆ. ಮೂರನೆಯದಕ್ಕೆ ಬರುವ ಉತ್ತರಗಳು ಇನ್ನೂ ಬೆಲೆಯುಳ್ಳವು, ಏಕೆಂದರೆ ಭಿನ್ನರಾಶಿ ತಲೆಗೆ ಹತ್ತದೆ ಅತ್ತವರು ಇನ್ನಿಬ್ಬರು ಇದ್ದಾರೆಂದು ತಿಳಿದ ಮೇಲೆ ಆ ಕೊಠಡಿಯಲ್ಲಿ ತಪ್ಪು ಮಾಡುವ ಅಂಜಿಕೆ ಕಡಿಮೆಯಾಗುತ್ತದೆ. ಮೊದಲ ವರ್ಷಗಳಲ್ಲಿ ನಾನು “ಶಿಕ್ಷಕ ವೃತ್ತಿಯನ್ನೇ ಏಕೆ ಆರಿಸಿಕೊಂಡಿರಿ?” ಎಂದು ಕೇಳಿಸುತ್ತಿದ್ದೆ. ಎಲ್ಲರೂ ಪ್ರಬಂಧದ ಪೀಠಿಕೆಯಂಥ ಉತ್ತರವನ್ನೇ ಕೊಡುತ್ತಿದ್ದರು. ಬೇರೆಲ್ಲೂ ಸೀಟು ಸಿಗದೆ ಬಂದವರು ತಲೆ ತಗ್ಗಿಸುತ್ತಿದ್ದರು. ಆ ಪ್ರಶ್ನೆಯನ್ನು ಕೈಬಿಟ್ಟೆ.

ಸಂದರ್ಶನ ಮುಗಿದ ಮೇಲೆ ಎರಡು ಜೋಡಿಗಳನ್ನು ಸೇರಿಸಿ ನಾಲ್ವರ ಗುಂಪು ಮಾಡಿ, ಪ್ರತಿಯೊಬ್ಬರೂ ತಮ್ಮ ಬದಲು ತಮ್ಮ ಜೊತೆಗಾರರನ್ನು ಪರಿಚಯಿಸಬೇಕೆನ್ನಿ. ಇನ್ನೊಬ್ಬರ ವಿಷಯ ಹೇಳಬೇಕಾದವರು ಕಿವಿಗೊಟ್ಟು ಕೇಳಿರಲೇಬೇಕು. ಇಡೀ ತರಗತಿಯ ಮುಂದೆ ಇದನ್ನು ಮಾಡಿಸಲು ಹೋಗಬೇಡಿ. ಮತ್ತೆ ಹಳೆಯ ಐವತ್ತು ನಿಮಿಷಕ್ಕೇ ಬಂದು ನಿಲ್ಲುತ್ತೀರಿ.

ಹುಡುಕಿ ಸಹಿ ಹಾಕಿಸುವ ಹಾಳೆ

ಸಾಲಿಗೆ ನಾಲ್ಕರಂತೆ ಹದಿನಾರು ಚೌಕಗಳಿರುವ ಹಾಳೆಯಲ್ಲಿ ಒಂದೊಂದು ವಿವರ ಇರಲಿ: ದಿನಕ್ಕೆ ಎರಡು ಬಸ್ ಬದಲಿಸಿ ಬರುವವರು, ಆಗುಂಬೆಯ ಮಳೆಯಲ್ಲಿ ನೆಂದವರು, ಕಳಲೆ ಪಲ್ಯ ಮಾಡಬಲ್ಲವರು, ಏಕೋಪಾಧ್ಯಾಯ ಶಾಲೆಯಲ್ಲಿ ಓದಿದವರು, ಮನೆಯಲ್ಲಿ ಕನ್ನಡವಲ್ಲದೆ ಬೇರೆ ಭಾಷೆ ಆಡುವವರು. ಇಪ್ಪತ್ತು ನಿಮಿಷ ಓಡಾಡಿ, ಆಯಾ ಚೌಕಕ್ಕೆ ಸಲ್ಲುವವರನ್ನು ಹುಡುಕಿ ಸಹಿ ಹಾಕಿಸಿಕೊಳ್ಳಬೇಕು. ಒಬ್ಬರ ಸಹಿ ಒಂದು ಹಾಳೆಯಲ್ಲಿ ಒಂದೇ ಸಲ ಎಂಬ ನಿಯಮವಿಲ್ಲದಿದ್ದರೆ ಗೆಳೆಯರಿಬ್ಬರು ಮೂಲೆಯಲ್ಲಿ ನಿಂತು ಪರಸ್ಪರ ಹಾಳೆ ತುಂಬಿಸಿಬಿಡುತ್ತಾರೆ. ಹಾಳೆಯನ್ನು ಕೈಗೆ ಕೊಟ್ಟು “ನಿಮ್ಮದು ಯಾವುದಿದೆ ನೋಡಿ” ಎನ್ನುವಂತಿಲ್ಲ, ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಬೇಕು. ಉರ್ದು, ಲಂಬಾಣಿ, ಕೊಂಕಣಿ, ತಮಿಳು ಬಲ್ಲವರು ಯಾರೆಂಬುದು ಬೋಧಕರಿಗೂ ಇಲ್ಲೇ ತಿಳಿಯುತ್ತದೆ. ಇಂಟರ್ನ್‌ಶಿಪ್‌ಗೆ ಶಾಲೆ ಹಂಚುವಾಗ ಅದು ಕೆಲಸಕ್ಕೆ ಬರುತ್ತದೆ. ಬೋಧಕರೂ ಒಂದು ಹಾಳೆ ಹಿಡಿದು ಓಡಾಡಬೇಕು.

ಹೆಸರಿನ ಸರಪಳಿಯನ್ನು ಎಂಟು ಮಂದಿಯ ವೃತ್ತದಲ್ಲಿ ಆಡಿಸಬಹುದು: ಹಿಂದಿನವರ ಹೆಸರುಗಳನ್ನೆಲ್ಲ ಹೇಳಿ ಕೊನೆಗೆ ತಮ್ಮದನ್ನು ಸೇರಿಸುವುದು. ಮರೆತವರಿಗೆ ಉಳಿದವರು ಹೇಳಿಕೊಡಲಿ, ಶಿಕ್ಷೆ ಬೇಡ. ಎರಡು ನಿಜ, ಒಂದು ಸುಳ್ಳು ಹೇಳಿಸುವ ಆಟ ನಗೆ ತರಿಸುತ್ತದೆ, ಹೆಚ್ಚೇನೂ ಉಳಿಸುವುದಿಲ್ಲ. ಉಲ್ಲನ್ ಉಂಡೆ ಎಸೆದು ಬಲೆ ಹೆಣೆಸುವುದನ್ನು ಒಮ್ಮೆ ಮಾಡಿಸಿ, ಸಿಕ್ಕು ಬಿಡಿಸುವುದರಲ್ಲೇ ಮಧ್ಯಾಹ್ನದ ಊಟದ ಬೆಲ್ ಆಗಿತ್ತು.

ಕೊನೆಯ ಹದಿನೈದು ನಿಮಿಷವನ್ನು ಚರ್ಚೆಗೆ ತಪ್ಪದೆ ಉಳಿಸಿಕೊಳ್ಳಿ. ಇವುಗಳಲ್ಲಿ ಯಾವುದನ್ನು ಆರನೆಯ ತರಗತಿಗೆ ಹೇಗೆ ಬದಲಿಸುತ್ತೀರಿ, ಇನ್ನೂ ಓದಲು ಬಾರದ, ನಲಿಕಲಿ ಪದ್ಧತಿಯಲ್ಲಿ ಆಡುತ್ತ ಕಲಿಯುವ ಪುಟ್ಟ ತರಗತಿಯ ಮಕ್ಕಳಿಗಾದರೆ ಚೌಕಗಳಲ್ಲಿ ಬರಹದ ಬದಲು ಯಾವ ಚಿತ್ರ ಹಾಕುತ್ತೀರಿ, ಮಾತೇ ಆಡದ ಮಗುವಿಗೆ ಯಾವ ಕೆಲಸ ಕೊಡುತ್ತೀರಿ ಎಂದು ಗುಂಪುಗಳಲ್ಲಿ ಬರೆಸಿ.

ಐವತ್ತು ಮಂದಿಯಲ್ಲಿ 1,225 ಜೋಡಿಗಳಾಗುತ್ತವೆ. ಎಲ್ಲರಿಗೂ ಎಲ್ಲರ ಪರಿಚಯ ಒಂದೇ ದಿನದಲ್ಲಿ ಆಗುವುದಿಲ್ಲ. ಮರುದಿನ ಖಾಲಿ ಹಾಳೆ ಕೊಟ್ಟು, ನೆನಪಿರುವ ಸಹಪಾಠಿಗಳ ಹೆಸರುಗಳನ್ನು ಬರೆಯಲು ಹೇಳಿ, ಹಾಳೆಗಳನ್ನು ಸಂಗ್ರಹಿಸಿಕೊಳ್ಳಿ. ಯಾರ ಹೆಸರು ಎರಡು ಮೂರು ಹಾಳೆಗಳಲ್ಲಷ್ಟೇ ಇದೆಯೋ ಅವರನ್ನು ಸೂಕ್ಷ್ಮ ಬೋಧನೆಯ ತಂಡ ಮಾಡುವಾಗ ಬೇರೆ ಬೇರೆ ಗುಂಪುಗಳಿಗೆ ಹಂಚಿ, ಮೊದಲ ವಾರದಲ್ಲೇ ಅವರಿಂದ ಪಾಠ ಮಾಡಿಸಿ.