ಯುಪಿಎಸ್ ಬ್ಯಾಟರಿ ಪೂರ್ತಿ ಇಳಿದುಹೋದರೆ ಏನು ಮಾಡಬೇಕು

ಅಂಗಡಿಗೆ ಬ್ಯಾಟರಿ ತಂದವರನ್ನು ನಾನು ಮೊದಲು ಕೇಳುವುದು ಯಾವ ಕಂಪನಿಯದ್ದು, ಎಷ್ಟು ವರ್ಷ ಆಯ್ತು ಅಂತ ಅಲ್ಲ. 'ಖಾಲಿಯಾಗಿ ಎಷ್ಟು ದಿನ ಆಯ್ತು?' ಅಂತ ಕೇಳುತ್ತೇನೆ. ನಿನ್ನೆ ಮೊನ್ನೆ ಅಂದರೆ ಒಳಗೆ ಇಳಿಸಿಕೊಳ್ಳುತ್ತೇನೆ. ಮಳೆಗಾಲದಲ್ಲಿ ಖಾಲಿಯಾದದ್ದನ್ನು ದೀಪಾವಳಿಗೆ ತಂದಿದ್ದಾರೆ ಅಂದರೆ, ಆಟೋದಿಂದ ಇಳಿಸುವ ಮೊದಲೇ ಆಸೆ ಬಿಡಿ ಅಂತ ಹೇಳಿಬಿಡುತ್ತೇನೆ. ಐವತ್ತು ಕಿಲೋ ಮೇಲಿನ ಡಬ್ಬ. ಸುಮ್ನೆ ಇಳಿಸಿ ಹತ್ತಿಸುವುದು ಯಾಕೆ?

ನಮ್ಮ ಸಾಗರದ ಕಡೆ ಆಷಾಢದಲ್ಲಿ ಲೈನ್ ಮೇಲೆ ಮರ ಬಿದ್ದರೆ ಒಳಗಿನ ಊರುಗಳಿಗೆ ಕರೆಂಟ್ ಬರಲು ಮೂರು ನಾಲ್ಕು ದಿನ ಆಗುವುದುಂಟು. 12 ವೋಲ್ಟಿನ 150 ಎಎಚ್ (ಆಂಪಿಯರ್ ಅವರ್, ಅಂದರೆ ಎಷ್ಟು ಕರೆಂಟ್ ಹಿಡಿಯುತ್ತದೆ ಅನ್ನುವ ಅಳತೆ) ಬ್ಯಾಟರಿ ಒಂದು ಫ್ಯಾನು, ನಾಲ್ಕು ಎಲ್‌ಇಡಿ ಬಲ್ಬನ್ನು ಹೆಚ್ಚೆಂದರೆ ಹನ್ನೆರಡು ಗಂಟೆ ಎಳೆಯುತ್ತದೆ. ಆಮೇಲೆ ಯುಪಿಎಸ್ ಕೀಂ ಕೀಂ ಅಂತ ಕೂಗಿ ಬಂದ್ ಆಗುತ್ತದೆ. ಜನ ಅಲ್ಲಿಗೆ ಮುಗಿಯಿತು ಅಂದುಕೊಳ್ಳುತ್ತಾರೆ. ಮುಗಿದಿರುವುದಿಲ್ಲ. ಸ್ವಿಚ್ ಆನ್ ಇದ್ದರೆ ಒಳಗಿನ ಬೋರ್ಡು ಸ್ವಲ್ಪ ಸ್ವಲ್ಪ ಕರೆಂಟ್ ಕುಡಿಯುತ್ತಲೇ ಇರುತ್ತದೆ. ಹತ್ತೂವರೆ ವೋಲ್ಟಿಗೆ ನಿಂತದ್ದು ಹೀಗೆ ಎಂಟಕ್ಕೆ, ಆರಕ್ಕೆ ಇಳಿಯುತ್ತದೆ. ಹಾಗಾಗಿ ಯುಪಿಎಸ್ ಕೂಗಿ ನಿಂತ ತಕ್ಷಣ ಅದರ ಸ್ವಿಚ್ ಆಫ್ ಮಾಡಿ, ಬ್ಯಾಟರಿಯ ಮೈನಸ್ ವೈರ್ ಬಿಚ್ಚಿಡಿ.

ಖಾಲಿ ಇದ್ದರೆ ಏನು ನಷ್ಟ ಅಂತ ಕೇಳಬಹುದು. ಬ್ಯಾಟರಿ ಕರೆಂಟ್ ಕೊಡುವಾಗ ಆಸಿಡ್‌ನಲ್ಲಿರುವ ಸಲ್ಫೇಟ್ ಸೀಸದ ಪ್ಲೇಟುಗಳಿಗೆ ಹೋಗಿ ಅಂಟುತ್ತದೆ, ಆಸಿಡ್ ನೀರು ನೀರಾಗುತ್ತದೆ. ಚಾರ್ಜ್ ಮಾಡಿದರೆ ಅದೇ ಸಲ್ಫೇಟ್ ಬಿಟ್ಟು ವಾಪಸ್ ಬರುತ್ತದೆ. ಹೊಸದಾಗಿ ಅಂಟಿದಾಗ ಮೆತ್ತಗಿರುತ್ತದೆ. ವಾರಗಟ್ಟಲೆ ಬಿಟ್ಟರೆ ಹಳೇ ಜೋನಿ ಬೆಲ್ಲದ ತಳದ ಹಾಗೆ ಹರಳುಗಟ್ಟಿ ಕೂರುತ್ತದೆ. ಆಮೇಲೆ ಅದು ಸುಲಭಕ್ಕೆ ಬಿಡುವುದಿಲ್ಲ. ಉಳಿಸುವ ಕೆಲಸ ಅಂದರೆ ಇಷ್ಟೇ, ಆ ಹರಳನ್ನು ನಿಧಾನಕ್ಕೆ ಕರಗಿಸುವುದು.

ಶುರು ಮಾಡುವ ಮೊದಲು ಉಂಗುರ, ಬಳೆ, ವಾಚು ತೆಗೆದಿಡಿ. ಸ್ಪ್ಯಾನರ್ ಎರಡೂ ಟರ್ಮಿನಲ್‌ಗೆ ತಾಗಿದರೆ ಖಾಲಿ ಅನ್ನಿಸುವ ಬ್ಯಾಟರಿಯೂ ಕಿಡಿ ಹಾರಿಸುತ್ತದೆ. ಕಣ್ಣಿಗೆ ಕನ್ನಡಕ ಇರಲಿ, ಪಕ್ಕದಲ್ಲಿ ಒಂದು ಬಕೆಟ್ ನೀರು ಇರಲಿ. ಮೈ ಉಬ್ಬಿದ, ಬಿರುಕು ಬಿಟ್ಟ, ಸೋರುವ ಬ್ಯಾಟರಿಯಾದರೆ ಕೆಲಸ ಅಲ್ಲಿಗೇ ನಿಲ್ಲಿಸಿ. ಅದಕ್ಕೆ ಚಾರ್ಜ್ ಹಾಕಬಾರದು.

ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು ನೋಡಿ. ಸುಮ್ಮನಿರುವಾಗ 12.6 ತೋರಿಸಿದರೆ ಫುಲ್. 12.2ರ ಹತ್ತಿರ ಅರ್ಧ. 11.8 ಅಂದರೆ ಖಾಲಿ. ಅದಕ್ಕೂ ಕೆಳಗೆ ಇಳಿದದ್ದಕ್ಕೇ ಈ ಎಲ್ಲ ಆರೈಕೆ ಬೇಕಾಗುವುದು. ಚಾರ್ಜ್ ಮಾಡಿ ಚಾರ್ಜರ್ ಬಿಚ್ಚಿದ ಮೇಲೂ 10.5ರಲ್ಲೇ ನಿಂತರೆ ಬ್ಯಾಟರಿಯೊಳಗಿನ ಆರು ಸೆಲ್‌ನಲ್ಲಿ ಒಂದು ಶಾರ್ಟ್ ಆಗಿದೆ ಅಂತಲೇ ತಿಳಿಯಿರಿ. ಅದಕ್ಕೆ ಔಷಧಿ ಇಲ್ಲ.

ಆಮೇಲೆ ಮುಚ್ಚಳ ಬಿಚ್ಚಿ ನೀರು ನೋಡಿ. ಪ್ಲೇಟ್ ಒಣಗಿ ಕಾಣುತ್ತಿದ್ದರೆ ಪ್ಲೇಟ್ ಮುಳುಗುವಷ್ಟು ಮಾತ್ರ ಡಿಸ್ಟಿಲ್ಡ್ ವಾಟರ್ ಹಾಕಿ. ಗುರುತಿನವರೆಗೆ ತುಂಬಿಸುವುದು ಚಾರ್ಜ್ ಮುಗಿದ ಮೇಲೆ. ಯಾಕೆಂದರೆ ಚಾರ್ಜ್ ಆಗುತ್ತಾ ಮಟ್ಟ ಏರುತ್ತದೆ, ಮೊದಲೇ ತುಂಬಿಸಿದರೆ ಉಕ್ಕಿ ಹೊರಗೆ ಬರುತ್ತದೆ. ಬಾವಿ ನೀರು, ಫಿಲ್ಟರ್ ನೀರು ಬೇಡ. ಮಳೆ ನೀರು ಶುದ್ಧ ಅಲ್ವಾ ಅಂತ ವಾದ ಮಾಡುವವರು ನಮ್ಮಲ್ಲಿ ಜಾಸ್ತಿ. ಹಂಚಿನ ಮೇಲೆ, ತಗಡಿನ ಮೇಲೆ ಹರಿದು ಬಂದ ನೀರು ಅದು, ಮಾರಾಯ್ರೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಇಳಿದ ಬ್ಯಾಟರಿಗೆ ಆಸಿಡ್ ಹಾಕಬೇಡಿ. ಗ್ರಾವಿಟಿ (ಆಸಿಡ್ ಎಷ್ಟು ಗಟ್ಟಿ ಇದೆ ಅನ್ನುವ ಅಳತೆ) ಕಡಿಮೆ ತೋರಿಸುತ್ತಿದೆ, ಎರಡು ಲೋಟ ಆಸಿಡ್ ಹಾಕಿದರೆ ಸರಿಹೋಗುತ್ತದೆ ಅನ್ನುವ ಮೆಕ್ಯಾನಿಕ್‌ಗಳು ಈಗಲೂ ಇದ್ದಾರೆ. ಆಸಿಡ್ ಎಲ್ಲಿಗೂ ಹೋಗಿಲ್ಲ, ಸಲ್ಫೇಟ್ ಆಗಿ ಪ್ಲೇಟಿನಲ್ಲೇ ಕೂತಿದೆ. ಮೇಲಿಂದ ಹಾಕಿದರೆ ಮೀಟರ್ ಒಳ್ಳೆಯದಾಗಿ ತೋರಿಸುತ್ತದೆ, ಬ್ಯಾಟರಿ ಒಳ್ಳೆಯದಾಗುವುದಿಲ್ಲ. ಮುಂದೆ ಚಾರ್ಜ್ ಆಗಿ ಹಳೇ ಆಸಿಡ್ ವಾಪಸ್ ಬಂದಾಗ ಎರಡೂ ಸೇರಿ ಪ್ಲೇಟನ್ನೇ ತಿನ್ನುತ್ತವೆ. ಆಸಿಡ್ ಚೆಲ್ಲಿ ಹೋಗಿದ್ದರೆ ಮಾತ್ರ ಆಸಿಡ್ ಹಾಕುವ ಪ್ರಶ್ನೆ. ಮೊಬೈಲ್ ವಿಡಿಯೋ ನೋಡಿ ಎಪ್ಸಮ್ ಉಪ್ಪು, ಪಟಿಕ ಹಾಕಿ ತರುವವರೂ ಇದ್ದಾರೆ. ನಾಲ್ಕು ದಿನ ಚುರುಕಾದ ಹಾಗೆ ಕಾಣಬಹುದು. ಅಷ್ಟೇ.

ಇನ್ನು ಚಾರ್ಜಿಂಗ್. ಇಷ್ಟು ಕೆಳಗೆ ಇಳಿದದ್ದನ್ನು ಎಷ್ಟೋ ಯುಪಿಎಸ್‌ಗಳು ಬ್ಯಾಟರಿ ಅಂತಲೇ ಒಪ್ಪುವುದಿಲ್ಲ. ಕರೆಂಟ್ ಬಂದರೂ ಚಾರ್ಜ್ ಶುರುವಾಗುವುದಿಲ್ಲ. ಬ್ಯಾಟರಿ ಸತ್ತೇಹೋಯಿತು ಅಂತ ಹೊಸದು ಕೊಳ್ಳುವ ಎಷ್ಟೋ ಜನ ಎಡವುವುದು ಇಲ್ಲೇ. ಆಂಪಿಯರ್ ಹೊಂದಿಸಬಹುದಾದ ಹಳೇ ಮಾದರಿಯ ಚಾರ್ಜರ್ ಇದಕ್ಕೆ ಸರಿ. ಅದು ಸಿಗದಿದ್ದರೆ ಒಂದು ಒಳ್ಳೆಯ 12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿಯನ್ನು ಪಕ್ಕದಲ್ಲಿಟ್ಟು, ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ದಪ್ಪ ವೈರಿನಲ್ಲಿ ಜೋಡಿಸಿ ಯುಪಿಎಸ್ ಆನ್ ಮಾಡುವುದುಂಟು. ಒಳ್ಳೆಯದರ ವೋಲ್ಟೇಜ್ ನೋಡಿ ಯುಪಿಎಸ್ ಚಾರ್ಜ್ ಶುರು ಮಾಡುತ್ತದೆ. ಖಾಲಿ ಬ್ಯಾಟರಿ ಸ್ವಲ್ಪ ಏರಿದ ಮೇಲೆ ಎಲ್ಲ ಆಫ್ ಮಾಡಿ ಒಳ್ಳೆಯದನ್ನು ಬಿಚ್ಚಿಕೊಳ್ಳಬೇಕು. ಜೋಡಿಸುವಾಗ ಕಿಡಿ ಹಾರುತ್ತದೆ, ಪ್ಲಸ್ ಮೈನಸ್ ತಪ್ಪಿದರೆ ಅನಾಹುತ. ಕೈ ಪಳಗಿಲ್ಲದಿದ್ದರೆ ಇದನ್ನು ಅಂಗಡಿಯವರಿಗೆ ಬಿಡಿ.

150 ಎಎಚ್ ಬ್ಯಾಟರಿಗೆ ಸಾಮಾನ್ಯವಾಗಿ 15 ಆಂಪಿಯರ್‌ವರೆಗೆ ಹಾಕಬಹುದು. ಇಂಥ ಕೇಸಿಗೆ ನಾನು ಐದರಿಂದ ಏಳಕ್ಕೆ ನಿಲ್ಲಿಸುತ್ತೇನೆ. ಸಲ್ಫೇಟ್ ಕಟ್ಟಿದ್ದಾದರೆ ಚಾರ್ಜ್ ಹಾಕಿದ ಕೂಡಲೇ ವೋಲ್ಟೇಜ್ 15ಕ್ಕೆ ಹಾರುತ್ತದೆ, ಆಂಪಿಯರ್ ಮುಳ್ಳು ಸೊನ್ನೆಯ ಹತ್ತಿರವೇ ಮಲಗಿರುತ್ತದೆ. ಹೆದರಿ ನಾಬ್ ಏರಿಸಬೇಡಿ. ಅರ್ಧ ಆಂಪಿಯರ್ ಹೋದರೂ ಹೋಗಲಿ, ಬಿಡಿ. ಕೆಲವು ಗಂಟೆಯಲ್ಲಿ ವೋಲ್ಟೇಜ್ ತಾನಾಗಿ ಇಳಿದು, ಆಂಪಿಯರ್ ಏರಲು ಶುರುವಾದರೆ ಹರಳು ಕರಗುತ್ತಿದೆ ಅಂತ ಅರ್ಥ. ಇಡೀ ಕೆಲಸದಲ್ಲಿ ನನಗೆ ಖುಷಿ ಕೊಡುವ ಗಳಿಗೆ ಅದೊಂದೇ. ರಾತ್ರಿ ಕಳೆದರೂ ಮುಳ್ಳು ಅಲ್ಲಾಡದಿದ್ದರೆ ಇನ್ನೂ ಒಂದು ದಿನ ನೋಡುತ್ತೇನೆ, ಆಮೇಲೆ ಗಿರಾಕಿಗೆ ಫೋನ್ ಮಾಡಿ ಹೇಳಿಬಿಡುತ್ತೇನೆ.

ಏಳು ಆಂಪಿಯರ್ ಸರಿಯಾಗಿ ಹೋದರೂ ಪೂರ್ತಿ ತುಂಬಲು ಒಂದು ಹಗಲು ಒಂದು ರಾತ್ರಿಗಿಂತ ಜಾಸ್ತಿಯೇ ಬೇಕು. ನಡುನಡುವೆ ಮೈ ಮುಟ್ಟಿ ನೋಡಿ. ಬೆಚ್ಚಗಾಗುವುದು ಸರಿ, ಕೈ ಇಡಲು ಕಷ್ಟ ಆಗುವಷ್ಟು ಕಾದರೆ ನಿಲ್ಲಿಸಿ ಆರಲು ಬಿಡಿ. ನೀರು ಹಾಕುವ ಟ್ಯೂಬುಲರ್ (ಕೊಳವೆಯಂಥ ಪ್ಲೇಟಿನ) ಬ್ಯಾಟರಿಯಾದರೆ ಕೊನೆಗೆ ಯುಪಿಎಸ್ ವೈರ್ ಬಿಚ್ಚಿ, ಕಡಿಮೆ ಆಂಪಿಯರ್‌ನಲ್ಲಿ 15.5 ವೋಲ್ಟಿನವರೆಗೆ ಏರಿಸಿ ಕೆಲವು ಗಂಟೆ ಬಿಡಬಹುದು. ಆರೂ ಸೆಲ್ ಒಂದೇ ಸಮನೆ ಗುಳ್ಳೆ ಬಿಡಬೇಕು. ಆ ಗುಳ್ಳೆಯಲ್ಲಿ ಹೈಡ್ರೋಜನ್ ಇದೆ. ಗಾಳಿಯಲ್ಲಿ ನೂರಕ್ಕೆ 4 ಪಾಲು ಸೇರಿದರೂ ಒಂದು ಕಿಡಿಗೆ ಸಿಡಿಯುತ್ತದೆ. ಕಿಟಕಿ ಬಾಗಿಲು ತೆಗೆದಿಡಿ, ಬೀಡಿ ಹಚ್ಚಿಕೊಂಡು ಬಗ್ಗಿ ನೋಡಬೇಡಿ. ದೇವರ ಕೋಣೆಯ ಪಕ್ಕದ ಮೂಲೆಯಲ್ಲಿ ಬ್ಯಾಟರಿ ಇಟ್ಟ ಮನೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಅಲ್ಲಿ ನಂದಾದೀಪ, ಇಲ್ಲಿ ಬ್ಯಾಟರಿ. ಜಾಗ ಬದಲಿಸಿ.

ಚಾರ್ಜ್ ಮುಗಿದ ಮೇಲೆ ಅರ್ಧ ದಿನ ಸುಮ್ಮನೆ ಬಿಟ್ಟು ಅಳೆಯಿರಿ. 12.5 ದಾಟಿದ್ದರೆ ಆಸೆ ಇದೆ. ಗ್ರಾವಿಟಿ ಅಳೆಯುವ ಹೈಡ್ರೋಮೀಟರ್ ಇದ್ದರೆ ಒಂದೊಂದೇ ಸೆಲ್ ನೋಡಿ. ಟ್ಯೂಬುಲರ್‌ಗೆ ಗ್ರಾವಿಟಿ 1240ರ ಹತ್ತಿರ ಬರಬೇಕು. ಐದು ಸೆಲ್ ಅಷ್ಟು ತೋರಿಸಿ ಒಂದು ಮಾತ್ರ 1180ರಲ್ಲಿ ಕೂತಿದ್ದರೆ ಆ ಒಂದು ಸೆಲ್ ಇಡೀ ಬ್ಯಾಟರಿಯನ್ನು ಎಳೆದು ಮಲಗಿಸುತ್ತದೆ.

ವೋಲ್ಟೇಜ್ ಒಂದನ್ನೇ ನಂಬಬೇಡಿ. ಜಾತಕ ಚೆನ್ನಾಗಿದ್ದರೂ ಕೆಲಸಕ್ಕೆ ಬಾರದ ಬ್ಯಾಟರಿಗಳು ಬೇಕಾದಷ್ಟಿವೆ. ಹಳೇ ಕಾರಿನ 55 ವ್ಯಾಟ್ ಹೆಡ್‌ಲೈಟ್ ಬಲ್ಬ್ ಒಂದನ್ನು ನೇರ ಬ್ಯಾಟರಿಗೆ ಹಚ್ಚಿ. ಅದು ನಾಲ್ಕೂವರೆ ಆಂಪಿಯರ್ ಎಳೆಯುತ್ತದೆ. ಹತ್ತು ಗಂಟೆ ಉರಿದ ಮೇಲೂ 12ರ ಹತ್ತಿರ ಇದ್ದರೆ ಇನ್ನೂ ಬಳಸಬಹುದು. ಮೂರು ಗಂಟೆಗೇ 11.5ಕ್ಕೆ ಇಳಿದರೆ ಹೊಸದಕ್ಕೆ ದುಡ್ಡು ಹೊಂದಿಸಿ. ಬದುಕಿ ಬಂದದ್ದೂ ಮೊದಲಿನ ಪೂರ್ತಿ ಶಕ್ತಿ ಕೊಡುವುದಿಲ್ಲ ಅನ್ನುವುದು ನೆನಪಿರಲಿ.

ಕಂಪ್ಯೂಟರ್ ಯುಪಿಎಸ್ ಒಳಗಿನ ಪುಟ್ಟ 7 ಎಎಚ್ ಸೀಲ್ಡ್ ಬ್ಯಾಟರಿಗೆ ಇಷ್ಟೆಲ್ಲ ಮಾಡುವುದು ನಷ್ಟ. 14.4 ವೋಲ್ಟ್ ದಾಟದ ಹಾಗೆ ಅರ್ಧ ಆಂಪಿಯರ್‌ನಲ್ಲಿ ಒಂದು ದಿನ ಹಾಕಿ ನೋಡಿ, ಏಳದಿದ್ದರೆ ಬದಲಿಸಿ. ಲಿಥಿಯಂ ವಿಷಯ ಬೇರೆಯೇ. ಪವರ್ ಬ್ಯಾಂಕ್, ಸ್ಕೂಟರ್ ಪ್ಯಾಕ್ ಸೊನ್ನೆ ತೋರಿಸಿದರೆ ಒಳಗೆ ಕಾವಲಿಗಿರುವ ಬಿಎಂಎಸ್ ಬೋರ್ಡು ಕರೆಂಟ್ ಕಟ್ ಮಾಡಿರಬಹುದು, ಅದರದ್ದೇ ಚಾರ್ಜರ್ ಹಾಕಿದರೆ ಎದ್ದೀತು. ಸೆಲ್ಲೇ 2 ವೋಲ್ಟಿಗಿಂತ ಕೆಳಗೆ ಹೋಗಿ ದಿನಗಟ್ಟಲೆ ಬಿದ್ದಿದ್ದರೆ ಒಳಗಿನ ತಾಮ್ರ ಕರಗಿರಬಹುದು. ಚಾರ್ಜ್ ಮಾಡುವಾಗ ಒಳಗೇ ಶಾರ್ಟ್ ಆಗಿ ಬೆಂಕಿ ಹತ್ತಬಹುದು. ಅಂಥದ್ದನ್ನು ಎಬ್ಬಿಸಿಕೊಡಿ ಅಂತ ತಂದರೆ ನಾನು ಮುಟ್ಟುವುದಿಲ್ಲ.

ಹೊಸದು ಕೊಳ್ಳುವುದಾದರೆ, 24 ವೋಲ್ಟಿನ ಯುಪಿಎಸ್‌ಗೆ ಎರಡೂ ಬ್ಯಾಟರಿ ಒಟ್ಟಿಗೆ ಬದಲಿಸಿ. ಹಳೆಯದರ ಜೊತೆ ಕಟ್ಟಿದ ಹೊಸದು ಬೇಗ ಹಾಳಾಗುತ್ತದೆ. ಡಬ್ಬದ ಮೇಲಿನ ತಯಾರಿಕೆ ತಿಂಗಳು ನೋಡಿ, ಅಂಗಡಿಯಲ್ಲೇ ಮೀಟರ್ ಹಿಡಿಸಿ. ಗೋಡೌನ್‌ನಲ್ಲಿ ಆರು ತಿಂಗಳು ಚಾರ್ಜ್ ಇಲ್ಲದೆ ಕೂತ ಹೊಸ ಬ್ಯಾಟರಿಗೂ ಇದೇ ಸಲ್ಫೇಟ್ ಕಾಯಿಲೆ ಬಂದಿರುತ್ತದೆ. ಹಳೆಯದನ್ನು ಗುಜರಿಯವರಿಗೆ ಹಾಕಬೇಡಿ. ಆಸಿಡ್ ಚರಂಡಿಗೆ ಸುರಿದು, ಸೀಸವನ್ನು ಬಯಲಲ್ಲಿ ಕರಗಿಸುವವರ ಕೈಗೆ ಹೋಗುತ್ತದೆ. ಆ ಹೊಗೆ ಮಕ್ಕಳ ಮಿದುಳಿಗೆ ವಿಷ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಬ್ಯಾಟರಿ ವಾಪಸ್ ತೆಗೆದುಕೊಳ್ಳುವ ಜವಾಬ್ದಾರಿ ತಯಾರಕರದ್ದು. ಹೊಸದು ಕೊಂಡ ಅಂಗಡಿಗೇ ಎಕ್ಸ್‌ಚೇಂಜ್ ಕೊಡಿ. ಆ ಮೊತ್ತ ಎಷ್ಟು ಅಂತ ಬಿಲ್ಲಿನಲ್ಲಿ ಬರೆಸಿಕೊಳ್ಳಿ, ವಾರಂಟಿ ಕಾರ್ಡಿಗೆ ತಾರೀಕು ಹಾಕಿ ಸೀಲ್ ಒತ್ತಿಸಿಕೊಂಡೇ ಹೊರಡಿ.