ಮೊಸರಿನ ತಿಳಿ, ಯೀಸ್ಟ್ ಮತ್ತು ಒಂದು ಬಲೂನು

ನಾನು ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ‘ಬ್ಯಾಕ್ಟೀರಿಯಾಗೆ ನ್ಯೂಕ್ಲಿಯಸ್ ಇಲ್ಲ, ಶಿಲೀಂಧ್ರಕ್ಕೆ ಇದೆ’ ಅಂತ ಎಲ್ಲರೂ ಬಾಯಿಪಾಠ ಒಪ್ಪಿಸುತ್ತಾರೆ. ಎರಡನ್ನೂ ಕಣ್ಣಾರೆ ಕಂಡವರು ಮಾತ್ರ ತರಗತಿಯಲ್ಲಿ ಒಬ್ಬರೂ ಇರಲಿಲ್ಲ. ಅದಕ್ಕೇ ಒಂದೇ ಸ್ಲೈಡಿನಲ್ಲಿ ಎರಡನ್ನೂ ತೋರಿಸಲು ಹೊರಟೆ.

ಎಡಗಡೆ ಬೇಕರಿ ಯೀಸ್ಟ್ ನೆನೆಸಿದ ನೀರು (ಯೀಸ್ಟ್ ಒಂದು ಶಿಲೀಂಧ್ರ), ಬಲಗಡೆ ಬ್ಯಾಕ್ಟೀರಿಯಾ ಇರುವ ಮೊಸರಿನ ತಿಳಿ. ಗಟ್ಟಿ ಮೊಸರು ಬೇಡ, ಅದರೊಳಗೆ ಏನೂ ಸರಿಯಾಗಿ ಕಾಣುವುದಿಲ್ಲ. ತಿಳಿಗೂ ನೀರು ಬೆರೆಸಿ ತೆಳ್ಳಗೆ ಸವರಿದೆ. ಒಣಗಿದ ಮೇಲೆ ಎರಡು ಮೂರು ಸಲ ಜ್ವಾಲೆಯ ಮೇಲೆ ಹಾಯಿಸಿದೆ. ಕ್ರಿಸ್ಟಲ್ ವೈಲೆಟ್ ಒಂದು ನಿಮಿಷ, ಅಯೋಡಿನ್ ಒಂದು ನಿಮಿಷ, ಆಲ್ಕೋಹಾಲ್ ಕೆಲವೇ ಸೆಕೆಂಡು, ಕೊನೆಗೆ ಸಾಫ್ರನಿನ್. ಇದೇ ಗ್ರಾಂ ಬಣ್ಣ. ಮೊದಲ ನೇರಳೆಯನ್ನು ಹಿಡಿದಿಟ್ಟುಕೊಂಡ ಕೋಶ ‘ಗ್ರಾಂ ಪಾಸಿಟಿವ್’, ಬಿಟ್ಟುಕೊಟ್ಟದ್ದು ಕೊನೆಗೆ ಸಾಫ್ರನಿನ್‌ನಿಂದ ಕೆಂಪಾಗುತ್ತದೆ.

ನೋಡಿದರೆ ಎರಡೂ ನೇರಳೆ! ಮಕ್ಕಳ ಮುಖ ಸಪ್ಪೆಯಾಯಿತು. ಆದರೆ ಅದು ತಪ್ಪಲ್ಲ. ಮೊಸರಿನ ಬ್ಯಾಕ್ಟೀರಿಯಾ ಗ್ರಾಂ ಪಾಸಿಟಿವ್. ಯೀಸ್ಟಿನ ದಪ್ಪ ಗೋಡೆಯೂ ಹಿಡಿದ ಬಣ್ಣ ಬಿಡುವುದಿಲ್ಲ. ‘ಬಣ್ಣ ಬಿಡಿ, ಗಾತ್ರ ನೋಡಿ’ ಅಂದೆ. ಯೀಸ್ಟ್ 5ರಿಂದ 10 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್). ಬ್ಯಾಕ್ಟೀರಿಯಾದ ಅಗಲ ಸುಮಾರು 1 ಮೈಕ್ರಾನ್. ತೆಂಗಿನಕಾಯಿ ಪಕ್ಕ ಅಡಕೆ ಇಟ್ಟ ಹಾಗೆ. ಕೆಲವು ಯೀಸ್ಟಿನ ಮೈಯಲ್ಲಿ ಪುಟ್ಟ ಮೊಗ್ಗು ಬಂದಿತ್ತು. ಬ್ಯಾಕ್ಟೀರಿಯಾ ಸಾಮಾನ್ಯವಾಗಿ ನಡುವೆ ಸೀಳಿ ಎರಡಾಗುತ್ತದೆ.

ಇಲ್ಲೊಂದು ಎಚ್ಚರ. ಬಣ್ಣ ಹಾಕದ ಜೀವಂತ ಯೀಸ್ಟಿನೊಳಗೆ ದೊಡ್ಡ ದುಂಡನೆಯ ತಿಳಿ ಜಾಗ ಕಾಣುತ್ತದೆ. ಮಕ್ಕಳು ಅದನ್ನೇ ನ್ಯೂಕ್ಲಿಯಸ್ ಅಂತಾರೆ. ಅದು ವ್ಯಾಕ್ಯೂಲ್, ಅಂದರೆ ಕೋಶದೊಳಗಿನ ದ್ರವ ತುಂಬಿದ ಚೀಲ. ನ್ಯೂಕ್ಲಿಯಸ್ ಕಾಣಲು ಬೇರೆ ಬಣ್ಣವೇ ಬೇಕು.

ಗೋಡೆಯ ವ್ಯತ್ಯಾಸ ನನಗೆ ಇನ್ನೂ ಇಷ್ಟ. ಬ್ಯಾಕ್ಟೀರಿಯಾದ ಗೋಡೆ ಪೆಪ್ಟಿಡೋಗ್ಲೈಕಾನ್‌ನದು, ಅಂದರೆ ಸಕ್ಕರೆ ಮತ್ತು ಅಮೈನೋ ಆಮ್ಲಗಳ ಬಲೆ. ಶಿಲೀಂಧ್ರದ್ದು ಗ್ಲೂಕಾನ್ (ಗ್ಲೂಕೋಸಿನ ಸರಪಳಿ) ಮತ್ತು ಕೈಟಿನ್, ಏಡಿಯ ಚಿಪ್ಪಿನಲ್ಲಿರುವ ಅದೇ ಕೈಟಿನ್. ಇದು ಮೈಕ್ರೋಸ್ಕೋಪಿನಲ್ಲಿ ಕಾಣುವುದಿಲ್ಲ ಅಲ್ವಾ? ಹಾಗಾಗಿ ಬ್ಯಾಕ್ಟೀರಿಯಾ ಕೊಲ್ಲುವ ಔಷಧವಾದ ಅಮಾಕ್ಸಿಸಿಲಿನ್‌ನ ಒಂದು ಕ್ಯಾಪ್ಸೂಲ್ ಬಿಚ್ಚಿದೆ. ಅರ್ಧ ಪುಡಿಯನ್ನು ಹೆಪ್ಪು ಹಾಕಿದ ಹಾಲಿಗೆ ಬೆರೆಸಿದೆ. ಉಳಿದರ್ಧವನ್ನು ಯೀಸ್ಟ್ ಮತ್ತು ಸಕ್ಕರೆ ನೀರಿದ್ದ ಬಾಟಲಿಗೆ ಹಾಕಿ ಬಾಯಿಗೆ ಬಲೂನು ಕಟ್ಟಿದೆ. ಜೊತೆಗೆ ಹೆಪ್ಪು ಹಾಕಿದ, ಔಷಧ ಹಾಕದ ಹಾಲು ಒಂದು ಲೋಟ, ಹೋಲಿಸಿ ನೋಡಲು. ಯೀಸ್ಟ್ ಸಕ್ಕರೆ ತಿಂದು ಬಿಟ್ಟ ಅನಿಲದಿಂದ ಬಲೂನು ಸಂಜೆಯೊಳಗೇ ಉಬ್ಬಿ ನಿಂತಿತು. ಬೆಳಿಗ್ಗೆ ಬಂದು ನೋಡಿದರೆ ಔಷಧ ಹಾಕದ ಹಾಲು ಹೆಪ್ಪಾಗಿತ್ತು, ಔಷಧ ಬಿದ್ದದ್ದು ಹಾಲಾಗಿಯೇ ಇತ್ತು. ಆ ಔಷಧ ಪೆಪ್ಟಿಡೋಗ್ಲೈಕಾನ್ ಕಟ್ಟುವುದನ್ನೇ ತಡೆಯುತ್ತದೆ. ಯೀಸ್ಟಿನಲ್ಲಿ ಆ ಗೋಡೆಯೇ ಇಲ್ಲ. (ಔಷಧ ಹಾಕಿದ ಹಾಲನ್ನು ಯಾರೂ ಬಾಯಿಗೆ ಹಾಕಬಾರದು.)

ಮರುದಿನ ಒಬ್ಬ ಹುಡುಗಿ ಮನೆಯಿಂದ ಹುಳಕಡ್ಡಿಯ ಮುಲಾಮು ತಂದಳು (ಹುಳಕಡ್ಡಿ ಬರುವುದು ಶಿಲೀಂಧ್ರದಿಂದ). ಟ್ಯೂಬಿನ ಮೇಲೆ ಕ್ಲೋಟ್ರಿಮಜೋಲ್ ಅಂತಿತ್ತು. ‘ಹಾಗಾದರೆ ಇದು ಏನನ್ನು ಹೊಡೆಯುತ್ತೆ ಮೇಡಂ?’ ಅಂದಳು. ಬೋರ್ಡಿನ ಮೇಲೆ ಶಿಲೀಂಧ್ರದ ಕೋಶ ಬರೆದೆ. ಗೋಡೆಯ ಒಳಗಿನ ಪೊರೆಗೆ ಬಾಣ ಹಾಕಿ ‘ಎರ್ಗೋಸ್ಟೆರಾಲ್’ ಅಂತ ಬರೆದೆ, ಅದು ಆ ಪೊರೆಯಲ್ಲಿರುವ ಕೊಬ್ಬಿನಂಥ ವಸ್ತು. ಆ ಮುಲಾಮು ತಡೆಯುವುದು ಇದರ ತಯಾರಿಯನ್ನು. ನಮ್ಮ ಕೋಶಗಳ ಪೊರೆಯಲ್ಲಿ ಅದೇ ಜಾಗದಲ್ಲಿ ಕೊಲೆಸ್ಟ್ರಾಲ್ ಇರುತ್ತದೆ.